ಕಯಾಕ್‌ನಲ್ಲಿ ಪಿಸ್ತೂಲು: ಯಾವುದು ತಗೊಳ್ಳಬೇಕು, ಎಲ್ಲಿ ಇಟ್ಟುಕೊಳ್ಳಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದೇವೆ. ಬರುವ ಜುಲೈನಲ್ಲಿ ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಂಟು ದಿನ ಕಯಾಕ್ (ಹುಟ್ಟು ಹಾಕುವ ಉದ್ದನೆಯ ಸಣ್ಣ ದೋಣಿ) ಮಾಡಿ, ರಾತ್ರಿ ದಡದಲ್ಲಿ ಟೆಂಟ್ ಹಾಕಿ ಉಳಿಯುವ ಯೋಚನೆ ಇದೆ. ಅಲ್ಲಿ ಕರಡಿ ಜಾಸ್ತಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಾನು ಕೊಡಗಿನವನು. ಮನೆಯಲ್ಲಿ ತೋಟೆ ಕೋವಿ ನೋಡಿಕೊಂಡೇ ಬೆಳೆದೆ, ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುರಿ ಇಟ್ಟಿದ್ದೇನೆ. ಆದರೆ ಪಿಸ್ತೂಲು ಕೈಯಲ್ಲಿ ಹಿಡಿದಿಲ್ಲ. ಗ್ಲಾಕ್ 20 ಪಿಸ್ತೂಲು ತಗೊಳ್ಳಲಾ, 44 ಮ್ಯಾಗ್ನಮ್ ರಿವಾಲ್ವರ್ ತಗೊಳ್ಳಲಾ? ಕಯಾಕ್‌ನಲ್ಲಿ ಕೂತಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ನಮ್ಮಲ್ಲಿ ಮೂವರು ಎಚ್-1ಬಿ ವೀಸಾದಲ್ಲಿದ್ದೇವೆ, ಒಬ್ಬನಿಗೆ ಗ್ರೀನ್ ಕಾರ್ಡ್ ಇದೆ.

ಉತ್ತರ:

ನಿಮ್ಮ ಕೊನೆಯ ಸಾಲನ್ನೇ ಮೊದಲು ಹಿಡಿದುಕೊಳ್ಳುತ್ತೇನೆ. ಅದನ್ನು ನೀವು ಬರೆದಿದ್ದು ಒಳ್ಳೆಯದಾಯಿತು.

ಎಚ್-1ಬಿ, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಇದು ಅಮೆರಿಕದ ಕೇಂದ್ರ ಕಾನೂನು. ರಾಜ್ಯ ಯಾವುದಾದರೂ ಸರಿ, ಇದು ಬದಲಾಗುವುದಿಲ್ಲ. ಅಲಾಸ್ಕದಲ್ಲಿ 2003ರಿಂದ 21 ವರ್ಷ ದಾಟಿದವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಮರೆಮಾಡಿ ಒಯ್ಯಬಹುದು. ಅದನ್ನು ಕೇಳಿ ಎಷ್ಟೋ ಜನ ‘ಅಲಾಸ್ಕದಲ್ಲಿ ಎಲ್ಲ ನಡೆಯುತ್ತೆ’ ಅಂದುಕೊಳ್ಳುತ್ತಾರೆ. ಆ ಸಡಿಲಿಕೆ ಬಂದೂಕು ಇಟ್ಟುಕೊಳ್ಳಲು ಹಕ್ಕಿರುವವರಿಗೆ ಮಾತ್ರ. ಈ ನಿಯಮ ಮುರಿದರೆ 15 ವರ್ಷದವರೆಗೆ ಜೈಲಾಗಬಹುದು, ದೇಶದಿಂದಲೂ ಹೊರಹಾಕಬಹುದು. ಗೆಳೆಯನ ಪಿಸ್ತೂಲನ್ನು ‘ಸ್ವಲ್ಪ ಹಿಡ್ಕೊಂಡಿರು’ ಅಂತ ಕೈಗೆ ಕೊಟ್ಟರೂ ಸಮಸ್ಯೆಯೇ. ನಿಮ್ಮ ವೀಸಾ ಯಾವುದೆಂದು ಗೊತ್ತಿದ್ದೂ ಕೊಟ್ಟ ಗೆಳೆಯನೂ ಸಿಕ್ಕಿಬೀಳುತ್ತಾನೆ. ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆಗೆ ತಗೊಂಡು ಹೊಡೆಯುವುದಕ್ಕೂ ಇದೇ ಮಾತು. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ. ಅದು ನಿಜ. ಆದರೆ ವಿದೇಶಿಯರ ವಿಷಯದಲ್ಲಿ ನೀವಿರುವ ವಾಷಿಂಗ್ಟನ್ ರಾಜ್ಯಕ್ಕೆ ಅದರದ್ದೇ ನಿಯಮಗಳೂ ಇವೆ. ಹಾಗಾಗಿ ಆ ದಾರಿ ಹಿಡಿಯುವ ಮುಂಚೆ ವಲಸೆ ಕಾನೂನು ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಗ್ರೀನ್ ಕಾರ್ಡ್ ಕನಸನ್ನು ಒಂದು ಪಿಸ್ತೂಲಿಗಾಗಿ ಪಣಕ್ಕಿಡಬೇಡಿ.

ಕೊಡಗಿನಲ್ಲಿ ನಿಮ್ಮ ಮನೆಯ ಕೋವಿಗೆ ಲೈಸೆನ್ಸ್ ಬೇಕಿರಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಹಾಗೆ ಬೆಳೆದವರಿಗೆ ಬಂದೂಕು ಅಂದರೆ ಮನೆಯ ಸಾಮಾನು. ಆ ಸಲಿಗೆ ಇಲ್ಲಿ ಕಾಲು ಜಾರಿಸುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂದರೆ, ನಿಮ್ಮ ಗುಂಪಿನಲ್ಲಿ ಪಿಸ್ತೂಲು ಇರುವುದಾದರೆ ಅದು ಗ್ರೀನ್ ಕಾರ್ಡ್ ಇರುವ ಆ ಒಬ್ಬ ಗೆಳೆಯನದು. ಕೊಳ್ಳುವುದು, ಒಯ್ಯುವುದು, ರಾತ್ರಿ ಪಕ್ಕದಲ್ಲಿಟ್ಟುಕೊಂಡು ಮಲಗುವುದು, ಎಲ್ಲ ಅವರೇ. ಇನ್ನು ಮುಂದಿನದನ್ನು ಅವರಿಗೂ ಓದಿ ಹೇಳಿ.

ಈಗ ನೀರಿಗೆ ಬರೋಣ. ನಾನು ಆಂಕರೇಜ್‌ನಲ್ಲಿದ್ದುಕೊಂಡು ಹನ್ನೆರಡು ವರ್ಷದಿಂದ ಸಮುದ್ರ ಕಯಾಕ್ ಕಲಿಸುತ್ತಿದ್ದೇನೆ. ಹೊಸಬರು ಮೊದಲು ಕೇಳುವುದು ಕರಡಿಯ ಬಗ್ಗೆ. ನನಗೆ ಭಯ ಇರುವುದು ನೀರಿನ ಬಗ್ಗೆ. ಜುಲೈನಲ್ಲಿ ಕೂಡ ಪ್ರಿನ್ಸ್ ವಿಲಿಯಂ ಸೌಂಡ್‌ನ ನೀರು ತೆರೆದ ಕಡೆ ಸುಮಾರು 10ರಿಂದ 13 ಡಿಗ್ರಿ ಇರುತ್ತದೆ. ಸಮುದ್ರಕ್ಕೆ ಬಂದು ಮುರಿಯುವ ಹಿಮನದಿಗಳ ಹತ್ತಿರ ಇನ್ನೂ ಕೊರೆಯುತ್ತದೆ. ತಣ್ಣೀರಿನ ಬಗ್ಗೆ ಕೆನಡಾದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಹೇಳಿಕೊಟ್ಟ ಒಂದು ಲೆಕ್ಕವನ್ನು ಇಲ್ಲಿ ಎಲ್ಲರೂ ಬಾಯಿಪಾಠ ಮಾಡುತ್ತಾರೆ: 1-10-1. ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಏದುಸಿರು ಬಿಡುತ್ತೀರಿ. ಆಮೇಲಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಎಚ್ಚರ ತಪ್ಪುವುದಕ್ಕೆ ಸುಮಾರು 1 ಗಂಟೆ. ಅಂದರೆ ಮಗುಚಿದ ಕಯಾಕ್‌ಗೆ ಮತ್ತೆ ಹತ್ತುವುದಕ್ಕೆ ನಿಮಗಿರುವುದು ಆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಅಡ್ಡ ಬರುವ ಯಾವ ವಸ್ತುವೂ ನಿಮ್ಮ ಮೈಮೇಲೆ ಇರಬಾರದು. ಪಿಸ್ತೂಲು ಎಲ್ಲಿರಬೇಕು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ನನ್ನ ಅನುಭವ ಒಂದು ಹೇಳುತ್ತೇನೆ. ನಾನು ಇಲ್ಲಿಗೆ ಬಂದ ಎರಡನೇ ಬೇಸಿಗೆ. ಸೂವರ್ಡ್ ಊರಿನ ಪಕ್ಕದ ರೆಸರೆಕ್ಷನ್ ಬೇಯಲ್ಲಿ, ದಡಕ್ಕೆ ಹತ್ತಿರವೇ, ಬೇಕೆಂದೇ ಕಯಾಕ್ ಮಗುಚಿ ಮತ್ತೆ ಹತ್ತುವ ಅಭ್ಯಾಸ ಮಾಡುತ್ತಿದ್ದೆವು. ಎದೆಗೆ ಕಟ್ಟುವ ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಆಗಷ್ಟೇ ತಗೊಂಡಿದ್ದೆ. ಅದನ್ನು ಲೈಫ್ ಜಾಕೆಟ್ ಮೇಲೆ ಕಟ್ಟಿ, ಒಳಗೆ ಖಾಲಿ ರಿವಾಲ್ವರ್ ಇಟ್ಟುಕೊಂಡು ನೀರಿಗೆ ಬಿದ್ದೆ. ಕಯಾಕ್‌ನ ಹಿಂಭಾಗದ ಮೇಲೆ ಹೊಟ್ಟೆ ಊರಿ ಮೊಸಳೆ ತರಹ ಮೇಲಕ್ಕೆ ತೆವಳಬೇಕು, ಹತ್ತುವುದು ಹಾಗೆ. ಹೋಲ್‌ಸ್ಟರ್ ಡೆಕ್ ಮೇಲಿನ ಹಗ್ಗಕ್ಕೆ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಇಳಿಯಲಾರೆ. ಜೊತೆಯವರು ಬಂದು ಬಿಡಿಸಿದರು. ಬಿಡಿಸುವಷ್ಟರಲ್ಲಿ ನನ್ನ ಬೆರಳುಗಳು ಬಕಲ್ ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಒಬ್ಬನೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ತೂಕದ ಲೆಕ್ಕವೂ ನೋಡಿ. ಕಯಾಕ್‌ಗೆ ಹಾಕುವ ಸಾಮಾನ್ಯ ಲೈಫ್ ಜಾಕೆಟ್ ಕನಿಷ್ಠ 15.5 ಪೌಂಡ್, ಅಂದರೆ ಸುಮಾರು 7 ಕಿಲೋ ತೇಲಿಸುವ ಬಲ ಕೊಡುತ್ತದೆ. ಗುಂಡು ತುಂಬಿದ ದಪ್ಪ ರಿವಾಲ್ವರ್ 1.4 ಕಿಲೋ ಹತ್ತಿರ ತೂಗುತ್ತದೆ. ನೀರಿನಲ್ಲಿ ಉಕ್ಕಿನ ತೂಕ ಎಂಟನೇ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ. ಅಂದರೆ ನಿಮ್ಮ ತಲೆಯನ್ನು ನೀರಿನ ಮೇಲಿಡಬೇಕಾದ ಬಲದ ಆರನೇ ಒಂದು ಭಾಗವನ್ನು ಆ ಕಬ್ಬಿಣವೇ ನುಂಗಿತು.

ಸೊಂಟದ ಹೋಲ್‌ಸ್ಟರ್ ಕತೆ ಇನ್ನೂ ಬೇಗ ಮುಗಿಯುತ್ತದೆ. ಕಯಾಕ್‌ನಲ್ಲಿ ಕೂತು ನೀರು ಒಳಗೆ ಬರದಂತೆ ಸೀಟಿನ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟ್ ಹಾಕಿದ ಮೇಲೆ ಸೊಂಟ ಅದರ ಕೆಳಗೆ ಮುಚ್ಚಿಹೋಗುತ್ತದೆ. ಕೈ ಹೋಗುವುದೇ ಇಲ್ಲ. ಮಗುಚಿದಾಗ ಹೊರಗೆ ಜಾರುವುದಕ್ಕೆ ಮಾತ್ರ ಅಡ್ಡ ಬರುತ್ತದೆ. ಲೈಫ್ ಜಾಕೆಟ್ ಒಳಗೆ ಎದೆಗೆ ಕಟ್ಟಿಕೊಂಡರೂ ಅಷ್ಟೇ, ಜಾಕೆಟ್ ಬಿಚ್ಚದೆ ತೆಗೆಯಲಾಗುವುದಿಲ್ಲ. ಡೆಕ್ ಮೇಲಿನ ಚೀಲದಲ್ಲಿಟ್ಟರೆ ದಡದ ಅಲೆ ಬಡಿದಾಗ ಚೀಲವೇ ಹೋಗಬಹುದು.

ಇಷ್ಟಕ್ಕೂ ನೀರಿನ ಮೇಲೆ ಪಿಸ್ತೂಲು ಯಾಕೆ ಬೇಕು ಹೇಳಿ? ಕರಡಿ ಚೆನ್ನಾಗಿ ಈಜುತ್ತದೆ, ನಿಜ. ದ್ವೀಪದಿಂದ ದ್ವೀಪಕ್ಕೆ ಈಜಿ ಹೋಗುವುದನ್ನು ನೀವೂ ನೋಡಬಹುದು. ಕಂಡರೆ ದೂರ ಹುಟ್ಟು ಹಾಕಿ, ಅದರ ದಾರಿ ಬಿಟ್ಟುಕೊಡಿ, ಸಾಕು. ಅಲುಗಾಡುವ ಕಯಾಕ್‌ನಿಂದ ಗುಂಡು ಹಾರಿಸುವ ಸಂದರ್ಭ ನನಗೆ ಒಮ್ಮೆಯೂ ಬಂದಿಲ್ಲ. ನೀರಿನ ಮೇಲೆ ನಿಮ್ಮ ಎದೆಯ ಜಾಗ ವಿಎಚ್‌ಎಫ್ ರೇಡಿಯೋದ್ದು. ಚಾನೆಲ್ 16ರಲ್ಲಿ ಕೋಸ್ಟ್ ಗಾರ್ಡ್ ಕೇಳಿಸಿಕೊಳ್ಳುತ್ತದೆ. ಜೊತೆಗೆ ಉಪಗ್ರಹದ ಮೂಲಕ ಸಹಾಯ ಕೇಳುವ ಒಂದು ಸಾಧನ. ಇವೆರಡೂ ಮೈಮೇಲೇ ಇರಬೇಕು, ಕಯಾಕ್ ಕೈತಪ್ಪಿ ಹೋದರೂ ನಿಮ್ಮ ಜೊತೆ ಉಳಿಯಬೇಕು.

ಹಾಗಾಗಿ ನಾನು ಮಾಡುವುದು ಹೀಗೆ. ಪಿಸ್ತೂಲಿಗೆ ಮೊದಲು ಗಟ್ಟಿ ಪ್ಲಾಸ್ಟಿಕ್‌ನ, ಕೈಡೆಕ್ಸ್ ಅಂತಾರಲ್ಲ, ಆ ಹೋಲ್‌ಸ್ಟರ್. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಚರ್ಮದ್ದು ಬೇಡ. ಉಪ್ಪುನೀರು ಕುಡಿದ ಚರ್ಮ ಒಣಗುವುದೇ ಇಲ್ಲ, ಒಳಗಿದ್ದ ಕಬ್ಬಿಣ ರಾತ್ರೋರಾತ್ರಿ ತುಕ್ಕು ಹಿಡಿಯುತ್ತದೆ. ಆ ಹೋಲ್‌ಸ್ಟರ್ ಸಮೇತ ಒಂದು ಸಣ್ಣ ಡ್ರೈ ಬ್ಯಾಗಿಗೆ (ನೀರು ನುಗ್ಗದ ಚೀಲ) ಹಾಕಿ, ಬಾಯಿ ಮೂರು ಸುತ್ತು ಮಡಚಿ, ಸೀಟಿನ ಹಿಂದೆ ಒಂದೇ ಕ್ಲಿಪ್‌ನಿಂದ ಕಯಾಕ್‌ಗೆ ಸಿಕ್ಕಿಸುತ್ತೇನೆ. ಉದ್ದ ಹಗ್ಗ ಕಟ್ಟುವುದಿಲ್ಲ, ಕಾಲಿಗೆ ಸುತ್ತಿಕೊಂಡೀತು. ತೊಡೆಯ ಮಧ್ಯೆ ಏನನ್ನೂ ಇಡುವುದಿಲ್ಲ. ದಡ ಮುಟ್ಟುವ ಮುಂಚೆ ಐವತ್ತು ಅರವತ್ತು ಮೀಟರ್ ಆಚೆ ನಿಂತು ದಡವನ್ನು ನೋಡುತ್ತೇನೆ. ಹುಲ್ಲಿನ ಅಂಚು, ಹೊಳೆ ಬಂದು ಸೇರುವ ಜಾಗ, ಮರಳಿನ ಮೇಲೆ ಹೆಜ್ಜೆ. ಜೋರಾಗಿ ಮಾತಾಡುತ್ತೇನೆ. ಕನ್ನಡದಲ್ಲೇ ಕೂಗುತ್ತೇನೆ, ಕರಡಿಗೆ ಭಾಷೆ ಮುಖ್ಯ ಅಲ್ಲ. ಇಳಿದು, ಕಯಾಕ್ ಮೇಲಕ್ಕೆಳೆದು, ಲೈಫ್ ಜಾಕೆಟ್ ಬಿಚ್ಚಿದ ಮೇಲೆ ಪಿಸ್ತೂಲು ಎದೆಯ ಹೋಲ್‌ಸ್ಟರ್‌ಗೆ ಬರುತ್ತದೆ.

ಆದರೆ ಇಳಿಯುವ ಆ ಕ್ಷಣದಲ್ಲಿ ಕೈಗೆ ಸಿಗಬೇಕಾದದ್ದು ಕರಡಿ ಸ್ಪ್ರೇ. ಅದು ಲೈಫ್ ಜಾಕೆಟ್‌ನ ಪಕ್ಕದ ಜೇಬಿನಲ್ಲಿ ಇರಲಿ. ಮುನ್ನೂರು ಗ್ರಾಂ ಆಸುಪಾಸಿನ ಡಬ್ಬಿ, ಹತ್ತುವಾಗ ಅಡ್ಡ ಬರುವುದಿಲ್ಲ.

ಸ್ಪ್ರೇ ಅಂದ ತಕ್ಷಣ ‘ಮೆಣಸಿನಪುಡಿಗೆ ಕರಡಿ ಹೆದರುತ್ತಾ’ ಅಂತ ಕೇಳುತ್ತಾರೆ. ಹೆದರುವ ಮಾತಲ್ಲ ಇದು. ಕಣ್ಣು, ಮೂಗು, ಶ್ವಾಸನಾಳ ಉರಿದು ಊದಿಕೊಳ್ಳುತ್ತವೆ, ಕರಡಿಗೆ ಮುಂದೆ ಬರಲು ಆಗುವುದಿಲ್ಲ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಲಾಸ್ಕದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ 83 ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಯ ಉಪಟಳ 92 ಶೇಕಡಾ ಸಲ, ಕಪ್ಪು ಕರಡಿಯದು 90 ಶೇಕಡಾ ಸಲ ನಿಂತಿತ್ತು. ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಇಟ್ಟುಕೊಂಡಿದ್ದವರಲ್ಲಿ 98 ಶೇಕಡಾ ಜನರಿಗೆ ಏನೂ ಗಾಯವಾಗಿರಲಿಲ್ಲ. 2012ರಲ್ಲಿ ಬಂದೂಕಿನ ಬಗ್ಗೆ ಅದೇ ತರಹ 269 ಘಟನೆಗಳನ್ನು ನೋಡಿದರು. ಪಿಸ್ತೂಲು, ರಿವಾಲ್ವರ್ 37ರಲ್ಲಿ 31 ಸಲ ಕೆಲಸ ಮಾಡಿದ್ದವು, ಅಂದರೆ 84 ಶೇಕಡಾ. ಉದ್ದ ಬಂದೂಕು 76 ಶೇಕಡಾ. ಈ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ‘ಸ್ಪ್ರೇ ಗೆದ್ದಿತು’ ಅನ್ನುವುದು ಪೂರ್ತಿ ಸರಿಯಲ್ಲ. ಸುಮ್ನೆ ಕುತೂಹಲಕ್ಕೆ ಬಂದ ಕರಡಿಗೆ ಸ್ಪ್ರೇ ಹೊಡೆದ ಘಟನೆಗಳೂ ಮೊದಲನೆಯದರಲ್ಲಿ ಸೇರಿವೆ. ಬಂದೂಕಿನ ಪಟ್ಟಿಯಲ್ಲಿ ಕೈಮೀರಿದ ದಾಳಿಗಳು ಜಾಸ್ತಿ ಇದ್ದಿರಬಹುದು. ನಾನು ಇವುಗಳಿಂದ ತಗೊಳ್ಳುವುದು ಇಷ್ಟು: ಪಿಸ್ತೂಲು ಕೆಲಸಕ್ಕೆ ಬಾರದ್ದಲ್ಲ, ಆದರೆ ಸ್ಪ್ರೇಗೆ ಅದು ಬದಲಿ ಅಲ್ಲ. ನಿಮ್ಮ ವಿಷಯದಲ್ಲಂತೂ ಇನ್ನೊಂದು ಕಾರಣ ಇದೆ. ಪಿಸ್ತೂಲು ಒಬ್ಬರ ಕೈಯಲ್ಲಿ ಮಾತ್ರ ಇರಬಹುದು. ಸ್ಪ್ರೇ ನಾಲ್ವರ ಕೈಯಲ್ಲೂ ಇರಬಹುದು.

ಗಾಳಿ ಇದ್ದರೆ ಸ್ಪ್ರೇ ಹಾಳು ಅನ್ನುವವರೂ ಇದ್ದಾರೆ. ಅದೇ 2008ರ ಅಧ್ಯಯನದಲ್ಲಿ 71ರಲ್ಲಿ 5 ಸಲ ಗಾಳಿ ಅಡ್ಡಿ ಮಾಡಿತ್ತು, ಆದರೂ ಐದರಲ್ಲೂ ಸ್ಪ್ರೇ ಕರಡಿಯನ್ನು ಮುಟ್ಟಿತ್ತು. ಏಳೆಂಟು ಮೀಟರ್‌ಗೆ ಬಂದಾಗ ಅದರ ಮುಖದಿಂದ ಸ್ವಲ್ಪ ಕೆಳಕ್ಕೆ, ನಿಮ್ಮ ಮುಂದೆ ಒಂದು ಬೇಲಿ ಕಟ್ಟುವ ಹಾಗೆ ಹೊಡೆಯಿರಿ. ಓಡುವ ಕರಡಿಯ ವೇಗ ಗಂಟೆಗೆ 55 ಕಿಲೋಮೀಟರ್‌ವರೆಗೆ ಇರುತ್ತದೆ. ಮೂವತ್ತು ಮೀಟರ್ ಅಂದರೆ ಬರೀ ಎರಡು ಸೆಕೆಂಡ್. ಸೇಫ್ಟಿ ಕ್ಲಿಪ್ ಎಲ್ಲಿದೆ ಅಂತ ಹುಡುಕುವ ಸಮಯ ಅದಲ್ಲ. ಖಾರ ಇಲ್ಲದ ಅಭ್ಯಾಸದ ಡಬ್ಬಿ ಸಿಗುತ್ತದೆ, ಎರಡು ತಂದು ನಾಲ್ವರೂ ಹೊಡೆದು ನೋಡಿ.

ಈಗ ನೀವು ಕೇಳಿದ ಎರಡು ಹೆಸರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

44 ಮ್ಯಾಗ್ನಮ್ ರಿವಾಲ್ವರ್ ಅಲಾಸ್ಕದ ಹಳೆಯ ಒಡನಾಡಿ. ಸ್ಮಿತ್ ಅಂಡ್ ವೆಸನ್ 629, ರುಗರ್ ರೆಡ್‌ಹಾಕ್, ಗಿಡ್ಡ ನಳಿಗೆಯ ರುಗರ್ ಸೂಪರ್ ರೆಡ್‌ಹಾಕ್ ಅಲಾಸ್ಕನ್, ಇವು ಇಲ್ಲಿ ಹೆಚ್ಚಾಗಿ ಕಾಣುತ್ತವೆ. ಇದರ ಗುಂಡು 240ರಿಂದ 300 ಗ್ರೇನ್. 300 ಗ್ರೇನ್ ಅಂದರೆ 19 ಗ್ರಾಂ ಮೇಲೆ. ದಪ್ಪ ಮೂಳೆ, ಸ್ನಾಯು ದಾಟಿ ಒಳಗೆ ಹೋಗುವ ಶಕ್ತಿ ಇದೆ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಇಲ್ಲ, ಗುಂಡು ಹಾರಿದಾಗಲೆಲ್ಲ ಹಿಂದೆ ಮುಂದೆ ಸರಿಯುವ, ಸಿಕ್ಕಿಕೊಳ್ಳಬಹುದಾದ ಸ್ಲೈಡ್ ಇಲ್ಲ. ಕರಡಿ ಮೈಮೇಲೆ ಬಿದ್ದು, ನಳಿಗೆ ಅದರ ಮೈಗೆ ಒತ್ತಿದ್ದರೂ ರಿವಾಲ್ವರ್ ಹಾರುತ್ತದೆ. ಗ್ಲಾಕ್ ತರಹದ ಪಿಸ್ತೂಲಿನ ತುದಿ ಹಾಗೆ ಒತ್ತಿದರೆ ಸ್ಲೈಡ್ ಹಿಂದಕ್ಕೆ ಸರಿದು ಗುಂಡು ಹಾರದೇ ಇರಬಹುದು. ಇದು ರಿವಾಲ್ವರ್ ಪರವಾದ ದೊಡ್ಡ ಮಾತು.

ಕಷ್ಟ ಏನೆಂದರೆ, ಆರೇ ಗುಂಡು, ಭಾರ, ಮತ್ತು ಹೊಡೆದಾಗ ಕೈಗೆ ಬರುವ ಒದೆತ. ಹಗುರ ಬೇಕೆಂದು ಸ್ಕ್ಯಾಂಡಿಯಂ, ಟೈಟೇನಿಯಂ ಬಳಸಿದ ಸ್ಮಿತ್ ಅಂಡ್ ವೆಸನ್ 329ಪಿಡಿ ತಗೊಳ್ಳುವವರಿದ್ದಾರೆ. ಖಾಲಿ ಇದ್ದಾಗ ಅದು ಸುಮಾರು 700 ಗ್ರಾಂ. ಆದರೆ ಪೂರ್ತಿ ಬಲದ ಗುಂಡು ಹಾಕಿ ಒಂದು ಸಲ ಹೊಡೆದವರು ಎರಡನೆಯದಕ್ಕೆ ಮನಸ್ಸು ಮಾಡುವುದಿಲ್ಲ, ಅಷ್ಟು ಕೈ ನೋಯುತ್ತದೆ. ಅಭ್ಯಾಸ ಮಾಡಲು ಮನಸ್ಸಾಗದ ಬಂದೂಕು ನಿಮಗೆ ಬೇಡ. ಕೋವಿಯನ್ನು ಭುಜಕ್ಕೆ ಕೊಟ್ಟು ಹೊಡೆದ ಅಭ್ಯಾಸ ಇಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. ಕೋವಿಗೆ ಭುಜ, ಕೆನ್ನೆ, ಎರಡು ಕೈ, ನಾಲ್ಕು ಆಧಾರ. ಪಿಸ್ತೂಲಿಗೆ ಮುಂದಕ್ಕೆ ಚಾಚಿದ ಕೈಗಳು ಅಷ್ಟೇ.

ಗ್ಲಾಕ್ 20 ಬಂದದ್ದು 1990ರ ದಶಕದ ಶುರುವಿನಲ್ಲಿ. 10 ಎಂಎಂ ಗುಂಡು, 200ರಿಂದ 220 ಗ್ರೇನ್, ಅಂದರೆ 13–14 ಗ್ರಾಂ. 44ರಷ್ಟು ಬಲ ಇಲ್ಲ. ಆದರೆ 15 ಗುಂಡು ತುಂಬಿಸಿದರೂ ಒಟ್ಟು ತೂಕ ಸುಮಾರು 1.1 ಕಿಲೋ, ಒದೆತ ಕಡಿಮೆ, ಬೇಗ ಬೇಗ ಗುರಿಯಿಟ್ಟು ಹೊಡೆಯಬಹುದು. ವಾಷಿಂಗ್ಟನ್‌ನಲ್ಲಿ 2022ರ ಜುಲೈನಿಂದ 10ಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್ ಮಾರುವಂತಿಲ್ಲ, ನಿಮ್ಮ ಗೆಳೆಯನಿಗೆ ಸಿಗುವುದು ಹತ್ತು ಗುಂಡಿನದು. ಅದು ಧಾರಾಳ ಸಾಕು.

ಸಮುದ್ರ ಕಯಾಕ್‌ಗೆ ಮಾತ್ರ ಮುಖ್ಯವಾದ ವ್ಯತ್ಯಾಸ ಒಂದಿದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಗ್ಲಾಕನ್ನು ಯಾವ ಸಲಕರಣೆಯೂ ಇಲ್ಲದೆ ಕಲ್ಲಿನ ಮೇಲೆ ಕೂತು ಅರ್ಧ ನಿಮಿಷದಲ್ಲಿ ಬಿಚ್ಚಬಹುದು. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಜೋಡಿಸಬಹುದು. ರಿವಾಲ್ವರ್‌ನ ಸ್ಪ್ರಿಂಗ್, ಸನ್ನೆಗಳೆಲ್ಲ ಚೌಕಟ್ಟಿನ ಒಳಗೆ ಇರುತ್ತವೆ. ಅಲ್ಲಿ ಉಪ್ಪುನೀರು ಸೇರಿದರೆ ದಡದಲ್ಲಿ ಕೂತು ತೆಗೆಯಲು ಬರುವುದಿಲ್ಲ. ಗುಂಡು ಹೊರತಳ್ಳುವ ನಕ್ಷತ್ರದಾಕಾರದ ಭಾಗದ ಕೆಳಗೆ ನಾಲ್ಕು ಕಾಳು ಮರಳು ಕೂತರೂ ಗುಂಡು ತುಂಬಿದ ಸಿಲಿಂಡರ್ ತಿರುಗದೆ ಬಿಗಿಯಾಗುತ್ತದೆ. ಹಿಮನದಿಯ ನೀರಿನಲ್ಲಿ ಹಿಟ್ಟಿನಂಥ ಸಣ್ಣ ಹೂಳು ತುಂಬಿರುತ್ತದೆ, ಅದು ಎಲ್ಲ ಸಂದಿಗೂ ನುಗ್ಗುತ್ತದೆ. ‘ಸ್ಟೇನ್‌ಲೆಸ್ ಅಲ್ವಾ, ತುಕ್ಕು ಹಿಡಿಯಲ್ಲ’ ಅನ್ನಬೇಡಿ. ಬಂದೂಕಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕು ಅಡುಗೆಮನೆಯ ಪಾತ್ರೆಯ ಉಕ್ಕಲ್ಲ. ಉಪ್ಪುನೀರಿನಲ್ಲಿ ಅದರ ಮೇಲೂ ಕಂದು ಚುಕ್ಕೆ ಬರುತ್ತದೆ. ಗ್ಲಾಕ್‌ನ ಚೌಕಟ್ಟು ಪ್ಲಾಸ್ಟಿಕ್ ಆದರೂ ಸ್ಪ್ರಿಂಗ್, ಪಿನ್ನುಗಳು ಉಕ್ಕೇ.

ಹಾಗಾಗಿ ನನ್ನ ತೀರ್ಮಾನ: ಹೊಸದಾಗಿ ಕಲಿಯುವವರು ಕಯಾಕ್‌ಗೆಂದು ತಗೊಳ್ಳುವುದಾದರೆ ಗ್ಲಾಕ್ 20. ಮೊದಲಿಂದ ರಿವಾಲ್ವರ್ ಹೊಡೆದು ಕೈ ಪಳಗಿದ್ದರೆ ಅದನ್ನು ಬಿಡಬೇಕಿಲ್ಲ, ಆದರೆ ಉಕ್ಕಿನ ಭಾರದ್ದೇ ಇರಲಿ. ಎರಡಕ್ಕೂ ಮೊಳೆ ತರಹ ಆಳಕ್ಕೆ ಹೋಗುವ ಗಟ್ಟಿ ಗುಂಡು ಬೇಕು. ಊರಲ್ಲಿ ಆತ್ಮರಕ್ಷಣೆಗೆ ಮಾರುವ, ತುದಿಯಲ್ಲಿ ಗುಳಿ ಇರುವ ಗುಂಡು ಮೈಯೊಳಗೆ ಅರಳಿ ಬೇಗ ನಿಂತುಬಿಡುತ್ತದೆ. ಕರಡಿಗೆ ಅದು ಸಾಲದು. ಬರೀ ಸೀಸದ ಗುಂಡನ್ನು ತನ್ನ ನಳಿಗೆಗೆ ಹಾಕಬೇಡಿ ಎಂದು ಗ್ಲಾಕ್ ಕಂಪನಿಯೇ ಎಚ್ಚರಿಸಿದೆ. ಆದ್ದರಿಂದ ತಾಮ್ರದ ಹೊದಿಕೆ ಇರುವುದನ್ನೋ ಪೂರ್ತಿ ತಾಮ್ರದ ಗಟ್ಟಿ ಗುಂಡನ್ನೋ ಆರಿಸಿ. ಯಾವುದನ್ನು ಒಯ್ಯುತ್ತೀರೋ ಅದೇ ಗುಂಡಿನಿಂದ ರೇಂಜ್‌ನಲ್ಲಿ ಕನಿಷ್ಠ ನೂರಾದರೂ ಹೊಡೆದಿರಬೇಕು.

ನೀರಿಗೆ ಬಿದ್ದ ಪಿಸ್ತೂಲನ್ನು ತಕ್ಷಣ ಹಾರಿಸುವ ಹಾಗಿಲ್ಲ. ನಳಿಗೆಯಲ್ಲಿ ನೀರು, ಮರಳು, ಕೆಸರು ಕೂತಿದ್ದರೆ ನಳಿಗೆ ಸೀಳಬಹುದು. ತುದಿ ಕೆಳಗೆ ಮಾಡಿ ನೀರು ಇಳಿಸಿ, ಗುಂಡೆಲ್ಲ ತೆಗೆದು, ನಳಿಗೆಯ ಆಚೆಯಿಂದ ಬೆಳಕು ಕಾಣುತ್ತಾ ನೋಡಿ. ಸಂಜೆ ಸಿಹಿನೀರಿನಿಂದ ತೊಳೆದು ಎಣ್ಣೆ ಬಟ್ಟೆಯಲ್ಲಿ ಒರೆಸಿ. ಒದ್ದೆ ಪಿಸ್ತೂಲನ್ನು ಡ್ರೈ ಬ್ಯಾಗಿನಲ್ಲಿ ಕಟ್ಟಿಟ್ಟರೆ ಹೊರಗಿಟ್ಟಿದ್ದಕ್ಕಿಂತ ಬೇಗ ತುಕ್ಕು ಬರುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತಲ್ಲ, ತೇವ ಹೀರುವ ಆ ಸಿಲಿಕಾ ಪೊಟ್ಟಣ, ನಾಲ್ಕು ಅದರೊಳಗೆ ಹಾಕಿಡಿ. ನೀರಿಗೆ ಬಿದ್ದ ಗುಂಡುಗಳನ್ನು ಆ ಪ್ರವಾಸಕ್ಕೆ ಮತ್ತೆ ನಂಬಬೇಡಿ. ಒಣ ಗುಂಡು ಬೇರೆ ಡಬ್ಬಿಯಲ್ಲಿ ಇರಲಿ.

ಎದೆಯ ಹೋಲ್‌ಸ್ಟರ್ ಕಟ್ಟುವಾಗ ಇನ್ನೊಂದು ಗಮನಿಸಿ. ಕೆಲವು ಮಾದರಿಯಲ್ಲಿ ಪಿಸ್ತೂಲು ಅಡ್ಡಡ್ಡ ಮಲಗುತ್ತದೆ, ನಳಿಗೆ ಪಕ್ಕದವರ ಕಡೆ ನೋಡುತ್ತಿರುತ್ತದೆ. ನಾಲ್ವರು ಒಲೆ ಸುತ್ತ ಕೂತಿರುವಾಗ ಅದು ಯಾರ ಹೊಟ್ಟೆಗೆ ನೇರ ಇದೆ ಅಂತ ಯೋಚಿಸಿ. ನಳಿಗೆ ನೆಲದ ಕಡೆ ಓರೆಯಾಗಿರುವುದನ್ನೇ ತಗೊಳ್ಳಿ.

ನೀವು ಹೋಗುವ ಜಾಗದ ಕರಡಿಗಳ ಬಗ್ಗೆ ಎರಡು ಮಾತು. ವಿಟ್ಟಿಯರ್‌ನಿಂದ ಹೊರಟು ಸೌಂಡ್‌ನ ಪಶ್ಚಿಮದಲ್ಲೇ ಇರುವುದಾದರೆ ಸಿಗುವುದು ಹೆಚ್ಚಾಗಿ ಕಪ್ಪು ಕರಡಿ. ಮಾಂಟೇಗ್, ಹಿಂಚಿನ್‌ಬ್ರೂಕ್ ದ್ವೀಪಗಳಲ್ಲಿ ಮತ್ತು ಪೂರ್ವದ ಕಡೆ ಕಂದು ಕರಡಿ. ಮೊದಲ ಪ್ರವಾಸಕ್ಕೆ ಪಶ್ಚಿಮವೇ ಒಳ್ಳೆಯದು. ನಮ್ಮ ದರೋಜಿಯ ಕರಡಿ ಎದುರು ಸಿಕ್ಕ ಕೂಡಲೇ ಮುಖಕ್ಕೆ ಎಗರುವುದು ಕೇಳಿದ್ದೀರಿ. ಇಲ್ಲಿಯವು ಅಷ್ಟು ಬೇಗ ಮೈಮೇಲೆ ಬರುವುದಿಲ್ಲ. ಬಹಳ ಸಲ ನುಗ್ಗಿ ಬಂದಂತೆ ಮಾಡಿ ನಿಲ್ಲುತ್ತವೆ. ಓಡಬೇಡಿ. ಕಂದು ಕರಡಿ ನಿಜವಾಗಿ ಮೈಮೇಲೆ ಬಿದ್ದರೆ ಬೋರಲು ಮಲಗಿ ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿ ಸತ್ತಂತೆ ಇರಿ. ಕಪ್ಪು ಕರಡಿಯಾದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿ.

ನಿಜವಾಗಿ ಕರಡಿಯನ್ನು ಟೆಂಟಿಗೆ ಕರೆಯುವುದು ಊಟ. ನಮ್ಮ ಊಟದ ಘಮ ಗೊತ್ತಲ್ಲ? ಇಂಗಿನ ಒಗ್ಗರಣೆ, ತುಪ್ಪ, ಉಪ್ಪಿನಕಾಯಿ, ನಿಮ್ಮ ಕಡೆಯ ಪಂದಿ ಕರಿ. ಬಟ್ಟೆಗೆ ಹಿಡಿದರೆ ಎರಡು ದಿನ ಬಿಡುವುದಿಲ್ಲ. ನಾನು ಪ್ರವಾಸಕ್ಕೆ ಎಂಟಿಆರ್ ಪೊಟ್ಟಣ ಒಯ್ಯುತ್ತೇನೆ, ಬಿಸಿನೀರಲ್ಲಿ ಕಾಯಿಸುವಂಥದ್ದು. ಒಗ್ಗರಣೆ ಸಾಮಾನನ್ನು ಮನೆಯಲ್ಲೇ ಬಿಡುತ್ತೇನೆ. ಅಡುಗೆ, ಊಟ ಎರಡೂ ಉಬ್ಬರ ಬಂದು ತೊಳೆಯುವ ಕಲ್ಲುಗಳ ಮೇಲೆ, ಟೆಂಟಿನಿಂದ ನೂರು ಮೀಟರ್ ಆಚೆ. ಬಿದ್ದ ಅಗುಳನ್ನು ಸಮುದ್ರವೇ ಒಯ್ಯುತ್ತದೆ. ಆಹಾರ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಎಲ್ಲ ಕರಡಿ ತೆರೆಯಲಾರದ ಗಟ್ಟಿ ಡಬ್ಬದಲ್ಲಿ. ಖಾಲಿ ಕಯಾಕ್‌ನಲ್ಲೂ ಏನೂ ಬಿಡಬೇಡಿ, ವಾಸನೆಗೆ ಕರಡಿ ಕಯಾಕನ್ನೇ ಕಚ್ಚಿ ತೂತು ಮಾಡಿದ್ದುಂಟು. ಜುಲೈ ಹೊತ್ತಿಗೆ ಸಾಲ್ಮನ್ ಮೀನು ಹೊಳೆ ಹತ್ತಲು ಶುರು ಮಾಡುತ್ತದೆ. ಹೊಳೆಯ ಬಾಯಲ್ಲಿ ಟೆಂಟ್ ಹಾಕುವುದು ಅಂದರೆ ಕರಡಿಯ ತಟ್ಟೆಯ ಪಕ್ಕ ಮಲಗಿದಂತೆ. ಮತ್ತೆ, ಟೆಂಟ್ ಸುತ್ತ ಕಟ್ಟುವ ಬ್ಯಾಟರಿ ವಿದ್ಯುತ್ ಬೇಲಿ ಬಾಡಿಗೆಗೆ ಸಿಕ್ಕರೆ ಖಂಡಿತ ತಗೊಳ್ಳಿ. ಕಾಫಿ ತೋಟದಲ್ಲಿ ಆನೆಗೆ ಹಾಕುವ ಸೋಲಾರ್ ಬೇಲಿಯ ತಮ್ಮ ಅದು. ಎರಡು ಕಿಲೋ ಆಸುಪಾಸು ತೂಗುತ್ತದೆ. ನಿದ್ದೆಯಲ್ಲಿರುವಾಗ ಪಿಸ್ತೂಲು ಕಾಯುವುದಿಲ್ಲ, ಬೇಲಿ ಕಾಯುತ್ತದೆ.

ಗೆಳೆಯ ಪಿಸ್ತೂಲನ್ನು ಸಿಯಾಟಲ್‌ನಲ್ಲೇ ಕೊಳ್ಳಬೇಕು. ಬೇರೆ ರಾಜ್ಯದವರಿಗೆ ಅಲಾಸ್ಕದ ಅಂಗಡಿಯವರು ಪಿಸ್ತೂಲು ಕೈಗೆ ಕೊಡುವಂತಿಲ್ಲ. ವಾಷಿಂಗ್ಟನ್‌ನಲ್ಲಿ 2024ರಿಂದ 10 ಕೆಲಸದ ದಿನ ಕಾಯಬೇಕು, ತರಬೇತಿ ಮಾಡಿದ ದಾಖಲೆಯೂ ಬೇಕು. ಹಾಗಾಗಿ ಜೂನ್ ಕೊನೆಗೆ ಬಿಡಬೇಡಿ. ವಿಮಾನದಲ್ಲಿ ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಹೇಳಿ, ಚೆಕ್-ಇನ್ ಲಗೇಜಿನಲ್ಲಿ ಕಳಿಸಬೇಕು. ಕರಡಿ ಸ್ಪ್ರೇಯನ್ನು ಮಾತ್ರ ಯಾವ ಲಗೇಜಿನಲ್ಲೂ ಬಿಡುವುದಿಲ್ಲ. ಆಂಕರೇಜ್‌ಗೆ ಬಂದು ಕೊಳ್ಳಿ. ‘ಕಾರಲ್ಲೇ ಹೋಗೋಣ, ದಾರಿ ಚೆನ್ನಾಗಿದೆ’ ಅನ್ನಿಸಿದರೆ ಪಿಸ್ತೂಲು ಮನೆಯಲ್ಲಿ ಬಿಡಬೇಕು. ದಾರಿ ಕೆನಡಾ ಮೂಲಕ ಹೋಗುತ್ತದೆ, ಪ್ರಾಣಿಗಳಿಂದ ರಕ್ಷಣೆಗೆ ಅಂತ ಅಲ್ಲಿ ಪಿಸ್ತೂಲು ಒಳಗೆ ಬಿಡುವುದಿಲ್ಲ. ಅಲಾಸ್ಕದಲ್ಲಿ ಪೊಲೀಸರು ಮಾತಾಡಿಸಿದರೆ, ಮರೆಮಾಡಿದ ಪಿಸ್ತೂಲು ಇದೆ ಅಂತ ಅವರು ಕೇಳುವ ಮುಂಚೆಯೇ ಹೇಳಬೇಕು, ಅದು ಕಾನೂನು.

ಅಕಸ್ಮಾತ್ ಕರಡಿಯನ್ನು ಕೊಂದರೆ ಅಲ್ಲಿಗೆ ಮುಗಿಯುವುದಿಲ್ಲ. ಜೀವ ಉಳಿಸಿಕೊಳ್ಳಲು ಕೊಲ್ಲುವುದನ್ನು ಅಲಾಸ್ಕ ಕಾನೂನು ಒಪ್ಪುತ್ತದೆ. ಆದರೆ ನೀವೇ ಕೆಣಕಿದ್ದರೆ, ಆಹಾರವನ್ನೋ ಕಸವನ್ನೋ ಹೇಗೆಂದರೆ ಹಾಗೆ ಬಿಟ್ಟು ಕರೆಸಿಕೊಂಡಿದ್ದರೆ ಒಪ್ಪುವುದಿಲ್ಲ. ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ಬೇರೆ ಮಾಡಿ, ಎರಡನ್ನೂ ರಾಜ್ಯಕ್ಕೆ ಒಪ್ಪಿಸಬೇಕು. ಕೂಡಲೇ ತಿಳಿಸಿ, 15 ದಿನದೊಳಗೆ ಬರೆದು ವರದಿ ಕೊಡಬೇಕು. ರಕ್ತ ಸೋರುವ, ಹತ್ತಾರು ಕಿಲೋ ತೂಗುವ ಆ ಚರ್ಮವನ್ನು ಕಯಾಕ್‌ನಲ್ಲಿ ಒಯ್ಯುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಆ ಪ್ರಾಣಿ ಅದರ ಊರಿನಲ್ಲಿ ಇತ್ತು, ನಾವು ಹೋಗಿದ್ದು. ನನಗೆ ಇದು ಕಾನೂನಿಗಿಂತ ದೊಡ್ಡ ಮಾತು.

ಹೊರಡುವ ಮುಂಚೆ ಇದೊಂದು ತಪ್ಪದೆ ಮಾಡಿ. ಜೂನ್‌ನಲ್ಲಿ ಒಂದು ಭಾನುವಾರ ನಾಲ್ವರೂ ಸಿಯಾಟಲ್ ಪಕ್ಕದ ಲೇಕ್ ಸಮಾಮಿಶ್‌ಗೆ ಹೋಗಿ. ಅಲಾಸ್ಕಕ್ಕೆ ಹಾಕುವ ಬಟ್ಟೆ, ಜಾಕೆಟ್, ರೇಡಿಯೋ, ಸ್ಪ್ರೇ ಎಲ್ಲ ಹಾಕಿಕೊಳ್ಳಿ. ಪಿಸ್ತೂಲಿನ ಜಾಗದಲ್ಲಿ ಅಷ್ಟೇ ತೂಕದ ಏನಾದರೂ ಡ್ರೈ ಬ್ಯಾಗಿನಲ್ಲಿಟ್ಟು ಸೀಟಿನ ಹಿಂದೆ ಸಿಕ್ಕಿಸಿ. ದಡದ ಹತ್ತಿರವೇ ಒಬ್ಬೊಬ್ಬರಾಗಿ ಕಯಾಕ್ ಮಗುಚಿ, ಹೊರಬಂದು, ಮತ್ತೆ ಹತ್ತಿ. ತಲಾ ಐದು ಸಲ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವುದು ಕಳಚುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾಲ್ವರಲ್ಲಿ ಯಾರಾದರೂ ಹತ್ತಲು ಹತ್ತು ನಿಮಿಷಕ್ಕಿಂತ ಜಾಸ್ತಿ ತಗೊಂಡರೆ ಈ ಜುಲೈ ಬೇಡ, ಮುಂದಿನ ವರ್ಷ ಬನ್ನಿ. ಆಗ ನನಗೆ ಬರೆಯಿರಿ. ಯಾವ ಕೊಲ್ಲಿಯಲ್ಲಿ ಟೆಂಟ್ ಹಾಕಬಹುದು ಅಂತ ನಕ್ಷೆಯ ಮೇಲೆ ಗುರುತು ಮಾಡಿ ಕಳಿಸುತ್ತೇನೆ.